ಒಬ್ಬೊಬ್ಬರೇ ಮಾತಾಡಿ ಅನ್ನುವ ಎರ್ಮಿಂದಾ

ಬೆಳಗಿನ ಆರೂವರೆ. ಕಿಲ್ಮಾವೆ ಎಂಬ ಕಡಲೂರಿನ ಮೀನುಗಾರರ ಸಂಘದ ರೇಡಿಯೊ ಕೋಣೆಯಲ್ಲಿ ಎರ್ಮಿಂದಾ ಬರ್ರಿಯಾ ಮೊದಲು ಬಾಗಿಲು ಹಾಕುತ್ತಾರೆ. ಸೌದೆ ಒಲೆಯ ಮೇಲೆ ಸಿಳ್ಳೆ ಹಾಕತೊಡಗಿದ ಕೆಟಲನ್ನು ಕೆಳಗಿಳಿಸುತ್ತಾರೆ. ಹೊರಗೆ ಎರಡು ನಾಯಿಗಳು ಮೀನಿನ ತಲೆಯೊಂದಕ್ಕೆ ಕಿತ್ತಾಡುತ್ತಿವೆ, ಕಿಟಕಿಯನ್ನೂ ಎಳೆದುಕೊಳ್ಳುತ್ತಾರೆ. ನಾನು ಮತ್ತು ನಮ್ಮ ಪತ್ರಿಕೆಯ ಛಾಯಾಗ್ರಾಹಕ ಪಿಸುಗುಟ್ಟುತ್ತಿರುವುದನ್ನು ಕಂಡು, ಅದು ಆಮೇಲೆ ಎನ್ನುವಂತೆ ಬೆರಳೆತ್ತುತ್ತಾರೆ. ಕೋಣೆಯಲ್ಲಿ ಒಲೆಯ ಸೌದೆ ಸಿಡಿಯುವ ಸದ್ದು ಬಿಟ್ಟರೆ ಬೇರೇನೂ ಉಳಿಯದಾದಾಗ, ಉಣ್ಣೆಯ ಟೋಪಿಯನ್ನು ಕಿವಿಯ ಮೇಲಕ್ಕೆ ಮಡಚಿ ಮೈಕಿನ ಗುಂಡಿ ಒತ್ತುತ್ತಾರೆ.

“ಕಿಲ್ಮಾವೆ ಮಾತಾಡ್ತಿದೆ. ಹೆಸರು ಕರೀತೀನಿ. ಒಬ್ಬೊಬ್ಬರೇ ಮಾತಾಡಿ. ದೋಣಿ ಹೆಸರು ಎರಡು ಸಲ ಹೇಳಿ, ನಾನು ಹೂಂ ಅನ್ನೋವರೆಗೂ ಸುಮ್ಮನಿರಿ.”

ಕಡಲಲ್ಲಿ ಇಪ್ಪತ್ಮೂರು ದೋಣಿಗಳಿವೆ. ಅವುಗಳಲ್ಲಿ ಅರವತ್ತೊಂದು ಜನ. ನಾಲ್ಕು ಗಂಟೆಗೆ ಹೊರಟವರು ಈಗ ಬಲೆ ಬಿಟ್ಟು ಕೂತಿದ್ದಾರೆ. ಪೂರ್ವದ ದ್ವೀಪಗಳ ಬೆನ್ನ ಮೇಲೆ ಬೂದಿ ಬಣ್ಣದ ಬೆಳಕು ಈಗಷ್ಟೇ ಹರಡುತ್ತಿದೆ. ಒಂದೊಂದು ಹೆಸರಿಗೂ ಕಡಲಿಂದ ಒಂದೊಂದು ದನಿ ಬರುತ್ತದೆ. ಎರ್ಮಿಂದಾ ಅದನ್ನು ತಿರುಗಿ ಹೇಳುತ್ತಾರೆ, ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕುತ್ತಾರೆ, ಆಮೇಲೆ ಮುಂದಿನ ಹೆಸರು. ನಡುವೆ ಇಬ್ಬರು ಒಟ್ಟಿಗೇ ಬಾಯಿ ಹಾಕುತ್ತಾರೆ. ಇಬ್ಬರೂ ನಿಲ್ಲಿ ಎಂದು ಗದರಿಸಿ, ಮೊದಲು ಯಾರು ಎಂದು ಆಕೆಯೇ ಹೇಳುತ್ತಾರೆ. ಇಪ್ಪತ್ಮೂರು ಹೆಸರು ಮುಗಿಯುವಾಗ ಹನ್ನೊಂದು ನಿಮಿಷ ಕಳೆದಿದೆ.

ನಾನು ಗಡಿಯಾರ ನೋಡಿದ್ದನ್ನು ಅವರು ನೋಡುತ್ತಾರೆ. “ನೋಲ್ಫಾ ಆಗಿದ್ರೆ ನಾಲ್ಕೇ ನಿಮಿಷ. ನೀನು ಕೇಳೋ ಮೊದಲೇ ಹೇಳಿಬಿಡ್ತೀನಿ. ಮನೇಲಿ ಕೂತು ಗಡಿಯಾರ ಹಿಡ್ಕೊಂಡು ಲೆಕ್ಕ ಹಾಕಿದ್ದೀನಿ.”

ನೋಲ್ಫಾ ಮನ್ಸಿಲ್ಯಾ ಎಂದರೆ ಗಂಡನ ತಂಗಿ. ಸಂಬಂಧದಲ್ಲಿ ನಾದಿನಿಯಾದರೂ ವಯಸ್ಸಿನಲ್ಲಿ ಎರ್ಮಿಂದಾಗಿಂತ ಎರಡು ವರ್ಷ ದೊಡ್ಡವರು, ಎಪ್ಪತ್ತೊಂದು. ಬೆಳಿಗ್ಗೆ ಹನ್ನೊಂದಕ್ಕೆ ಅವರು ಬಂದು ಇದೇ ಕುರ್ಚಿಯಲ್ಲಿ ಕೂರುತ್ತಾರೆ. ಕೊನೆಯ ದೋಣಿ ದಡ ಸೇರುವವರೆಗೂ ಮೈಕ್ ಅವರದು. ಈ ಇಬ್ಬರು ಹೆಂಗಸರ ಮುಖ ಊರಾಚೆಯವರು ಯಾರೂ ನೋಡಿಲ್ಲ. ಆದರೆ ಇಲ್ಲಿಂದ ಹೊರಡುವ ಪ್ರತಿ ದೋಣಿಯೂ ಗಾಳಿ ಯಾವ ಕಡೆಯದು, ಮಂಜುಗಡ್ಡೆಯ ಲಾರಿ ಬಂತೇ, ಹೆಂಡತಿಗೆ ಹೆರಿಗೆಯಾಯಿತೇ ಎಂಬುದನ್ನೆಲ್ಲ ಇವರ ಬಾಯಿಂದಲೇ ಕೇಳುತ್ತದೆ.

ಮೂವತ್ತೊಂದು ವರ್ಷದ ಹಿಂದೆ ಸಂಘಕ್ಕೆ ಮೊದಲ ರೇಡಿಯೊ ಬಂದಾಗ ಅದನ್ನಿಡಲು ಕೋಣೆಯೇ ಇರಲಿಲ್ಲ. ಎತ್ತರದಲ್ಲಿದೆ, ದನಿ ಚೆನ್ನಾಗಿ ಹಿಡಿಯುತ್ತದೆ ಎಂದು ಎರ್ಮಿಂದಾರ ಅಡುಗೆಮನೆಯಲ್ಲಿಟ್ಟರು. ಗಂಡಸರೆಲ್ಲ ಕಡಲಲ್ಲಿ, ಗಂಡ ಎಲಾದಿಯೊ ಕೂಡ. ಮೈಕ್ ಹಿಡಿಯಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಆಕೆ ಹಿಡಿದರು. ಸಂಬಳವೆಂಬುದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೀನು ಸಿಕ್ಕ ದಿನ ದೋಣಿಗೊಂದರಂತೆ ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಹೋಗುತ್ತಾರೆ, ಅಷ್ಟೆ.

ಆ ಕಾಲದ ಎರ್ಮಿಂದಾರನ್ನು ನೆನೆಯುವವರು ಇಂದಿಗೂ ಊರಲ್ಲಿದ್ದಾರೆ. ಆಲೂಗಡ್ಡೆ ತುರಿದು ಮಿಲ್ಕಾವೊ ರೊಟ್ಟಿ ತಟ್ಟುತ್ತ, ಮಗಳ ಲೆಕ್ಕದ ತಪ್ಪು ತಿದ್ದುತ್ತ, ಕಿಟಕಿಗೆ ಬಂದ ನೆರೆಯವಳಿಗೆ ಉತ್ತರ ಕೊಡುತ್ತ, ನಾಲ್ಕು ದೋಣಿಗಳ ಮಾತನ್ನು ಬೇರೆ ಬೇರೆಯಾಗಿ ಹಿಡಿಯುತ್ತಿದ್ದರಂತೆ. “ಹೆಂಡತಿ ಹತ್ರ ಜಗಳ ಆಡ್ಕೊಂಡು ಬಂದಿದಾನಾ, ಹಿಂದಿನ ದಿನ ಕುಡಿದಿದಾನಾ, ಬಲೆ ಹರಿದಿದ್ದನ್ನ ಅಣ್ಣನಿಂದ ಮುಚ್ಚಿಡ್ತಿದಾನಾ, ಎಲ್ಲ ಗಂಟಲಲ್ಲೇ ಗೊತ್ತಾಗ್ತಿತ್ತು. ನಾನು ಅದನ್ನ ಯಾರಿಗೂ ಹೇಳ್ತಿರಲಿಲ್ಲ. ಆದ್ರೆ ಗೊತ್ತಿದೆ ಅಂತ ಅವರಿಗೆ ಗೊತ್ತಿರ್ತಿತ್ತು,” ಎನ್ನುವಾಗ ಅವರ ಕಣ್ಣು ಹೊಳೆಯುತ್ತದೆ. ಆಗ ಊರಿನ ಇತರ ಹೆಂಗಸರಿಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಅದನ್ನೂ ಅವರೇ ಹೇಳುತ್ತಾರೆ, ಕಳೆದುಹೋದ ಒಡವೆಯ ಬಗ್ಗೆ ಹೇಳುವಂತೆ.

ನೋಲ್ಫಾ ಮೈಕಿನ ಹತ್ತಿರ ಬಂದದ್ದು ಹನ್ನೊಂದು ವರ್ಷದ ಹಿಂದೆ. ಎರ್ಮಿಂದಾಗೆ ಪಿತ್ತಕೋಶದ ಆಪರೇಷನ್ ಆಗಿ ಮೂರು ವಾರ ಮಲಗಿದ್ದಾಗ ಬದಲಿಗೆಂದು ಕೂತವರು ಎದ್ದು ಹೋಗಲಿಲ್ಲ. ಒಬ್ಬರಿಗೇ ಇಡೀ ದಿನ ಭಾರ ಎಂದು ಸಂಘವೇ ಪಾಳಿ ಹಂಚಿತು. ಆಗ ಎರ್ಮಿಂದಾಗೂ ಅದು ಸರಿ ಅನ್ನಿಸಿತ್ತು. ನಾದಿನಿ ಹೆಣಿಗೆ ಕಡ್ಡಿ ಆಡಿಸುತ್ತ, ನಗೆಚಾಟಿಕೆ ಮಾಡುತ್ತ ದೋಣಿಗಳನ್ನು ಕರೆಯುವುದನ್ನು ಕಂಡು ಹೆಮ್ಮೆಯೇ ಆಗುತ್ತಿತ್ತಂತೆ. ಎಷ್ಟಾದರೂ ಅದನ್ನು ಕಲಿಸಿದ್ದು ತಾವೇ ಅಲ್ಲವೇ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೆಸರು ಕರೆಯುತ್ತಿದ್ದಾಗ ಎರ್ಮಿಂದಾ ಒಂದು ದೋಣಿಯ ಮುಂದೆ ನಿಂತುಬಿಟ್ಟರು. ಹದಿನೆಂಟು ವರ್ಷದಿಂದ ದಿನಾ ಕರೆದ ಹೆಸರು. ಯಜಮಾನನ ಮುಖ ಕಣ್ಣ ಮುಂದಿದೆ, ದೋಣಿಯ ಹಸಿರು ಬಣ್ಣ ಕಣ್ಣ ಮುಂದಿದೆ, ಹೆಸರು ಮಾತ್ರ ಬರುತ್ತಿಲ್ಲ. ಕೆಮ್ಮು ಬಂದಂತೆ ಮಾಡಿ ಮುಂದಿನ ಹೆಸರಿಗೆ ಹೋದರು. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಆ ಹೆಸರು ಯಾರೂ ಕರೆಯದೆ ತಾನಾಗಿ ಬಂದು ನಿಂತಿತು.

ಆಮೇಲೆ ಭಾನುವಾರದ ಊಟದ ಮೇಜು. ಏಳು ಜನ ಕೂತು ಒಟ್ಟಿಗೇ ಮಾತಾಡುವ ಮೇಜು. ಮೊದಲೆಲ್ಲ ಆ ಮೇಜಿನ ಮಾತನ್ನು ನಡೆಸುತ್ತಿದ್ದವರೇ ಎರ್ಮಿಂದಾ. ಈಗ ಚಿಪ್ಪಿನ ಸಾರು ಬಡಿಸಿ ತಲೆ ಎತ್ತುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು. ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು, ಯಾಕೆಂದು ತಿಳಿಯದೆ. ಹೇಳಬೇಕೆಂದು ಹಿಡಿದಿಟ್ಟುಕೊಂಡ ಮಾತಿಗೆ ಸಂದು ಸಿಗುವ ಹೊತ್ತಿಗೆ ಅದು ಹಳಸಿರುತ್ತಿತ್ತು. ಎದುರಿಗೆ ಕೂತ ನೋಲ್ಫಾ ಮಾತ್ರ ಅಣ್ಣನ ಕಾಲೆಳೆಯುತ್ತ, ಮೊಮ್ಮಗಳ ಪಿಸುಮಾತಿಗೆ ಉತ್ತರ ಕೊಡುತ್ತ, ಪಕ್ಕದ ಕೋಣೆಯ ಟಿವಿಯಲ್ಲಿ ಬಂದ ಸುದ್ದಿಗೂ ಒಂದು ಚಟಾಕಿ ಹಾರಿಸುತ್ತಿದ್ದರು. ಸಾಮಾನ್ಯವಾಗಿ ಗಂಟು ಮುಖದ ಎಲಾದಿಯೊ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

“ನನ್ನ ಗಂಡ. ನನ್ನ ಮೇಜು. ನಾನು ಮಾಡಿದ ಸಾರು,” ಎನ್ನುತ್ತಾರೆ ಎರ್ಮಿಂದಾ. “ನಗ್ತಿರೋದು ಅವಳ ಮಾತಿಗೆ. ಹೊಟ್ಟೆ ಉರೀತಿತ್ತು ನನಗೆ.”

ಉರಿಯ ಕೆಳಗೆ ಭಯವಿತ್ತು. ಅವರ ತಾಯಿ ಕೊನೆಯ ವರ್ಷಗಳಲ್ಲಿ ಮಗಳನ್ನೇ ಯಾರು ನೀನು ಎಂದು ಕೇಳುತ್ತಿದ್ದರು. ಚಪ್ಪಲಿಯನ್ನು ಒಲೆಯೊಳಗಿಟ್ಟು ಬ್ರೆಡ್ಡು ಬೆಂದಿತೇ ಎನ್ನುತ್ತಿದ್ದರು. ತನಗೂ ಅದೇ ಹಿಡಿಯಿತು ಎಂದು ಎರ್ಮಿಂದಾ ಮನಸ್ಸಿನಲ್ಲೇ ತೀರ್ಮಾನಿಸಿದರು. ಯಾರಿಗೂ ಹೇಳಲಿಲ್ಲ. ಹೇಳದೆ ಏನು ಮಾಡಿದರೆಂದರೆ, ಒಂದು ಪುಟ್ಟ ಪುಸ್ತಕ ಮಾಡಿ ನೋಲ್ಫಾ ಮೈಕಿನಲ್ಲಿ ಮಾಡುವ ತಪ್ಪುಗಳನ್ನು ಬರೆಯತೊಡಗಿದರು. ತಮ್ಮ ತಪ್ಪುಗಳನ್ನೂ ಬರೆದರು, ಹೋಲಿಸಿ ನೋಡಲು. ಮೂರು ತಿಂಗಳಿಗೆ ನೋಲ್ಫಾರದು ನಾಲ್ಕಾಯಿತು. ತಮ್ಮದು ಹನ್ನೊಂದಾದಾಗ ಹಾಳೆ ಹರಿದು ಒಲೆಗೆ ಹಾಕಿದರು.

ಇನ್ನೂ ಸಣ್ಣತನಗಳಿವೆ. ಅವನ್ನೂ ಬರೆ ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಾದಿನಿಯ ಹೆಣಿಗೆಯ ಬುಟ್ಟಿಯನ್ನು ಎರಡು ಸಲ ಸೌದೆ ರಾಶಿಯ ಹಿಂದೆ ಬಚ್ಚಿಟ್ಟಿದ್ದರು. ಪಾಳಿ ಬದಲಾಗುವಾಗ ಹೇಳಬೇಕಾದ ಸುದ್ದಿಯಲ್ಲಿ ಒಂದನ್ನು ಬೇಕೆಂದೇ ಬಿಡುತ್ತಿದ್ದರು, ಅವಳೂ ತಡವರಿಸಲಿ ಎಂದು. ನೋಲ್ಫಾ ತಡವರಿಸಲಿಲ್ಲ. ಕಡಲಿನವರನ್ನೇ ಕೇಳಿ, ಅವರನ್ನು ನಗಿಸಿ, ವಿಷಯ ತಿಳಿದುಕೊಳ್ಳುತ್ತಿದ್ದರು. ಒಂದು ದಿನ ಬೆಳಗಿನ ಪಾಳಿಯಲ್ಲಿ ಯಾರೋ ಹುಡುಗನ ದನಿಯೊಂದು ಕಡಲಿಂದ, ನೋಲ್ಫಾ ಅತ್ತೆ ಇಲ್ವಾ, ಬೇಗ ಬೇಗ ಮುಗೀತಿತ್ತು ಎಂದಿತು. ಆ ಮಾತು ಈಗಲೂ ಎರ್ಮಿಂದಾರ ಎದೆಯಲ್ಲಿ ಮುಳ್ಳಿನಂತೆ ಇದೆ.

ಹೋದ ವರ್ಷ ಮಾರ್ಚ್ ತಿಂಗಳ ಒಂದು ಗುರುವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ದಟ್ಟ ಮಂಜು ಇಳಿದು ಕಡಲೂ ಕಾಣದು, ದಡವೂ ಕಾಣದು. ಆಗ ಬಾಗಿಲು ಹಾಕುವ ಪದ್ಧತಿ ಇನ್ನೂ ಇರಲಿಲ್ಲ. ಕಿಟಕಿಯಲ್ಲಿ ಇಬ್ಬರು ಹೆಂಗಸರು ಗಂಡಂದಿರ ಸುದ್ದಿ ಕೇಳುತ್ತ ನಿಂತಿದ್ದರು, ಕೆಟಲ್ ಕುದಿಯುತ್ತಿತ್ತು, ನಾಯಿಗಳು ಬೊಗಳುತ್ತಿದ್ದವು. ಅದೇ ಹೊತ್ತಿಗೆ ಎರಡು ದೋಣಿಗಳು ಒಟ್ಟಿಗೆ ಮಾತಾಡಿದವು. ಒಂದು ‘ರೊಸಾರಿಯೊ’, ಇನ್ನೊಂದು ‘ರೊಸಾಲ್ಬಾ’. ಒಬ್ಬ ಮಂಜುಗಡ್ಡೆಯ ಲಾರಿ ಬಂತೇ ಎಂದು ಕೇಳುತ್ತಿದ್ದ. ಇನ್ನೊಬ್ಬ ಏನೋ ಹೇಳಿದ. ಎರ್ಮಿಂದಾಗೆ ಕೇಳಿದ್ದು ಬರೀ ಗದ್ದಲ, ಅದರ ನಡುವೆ ಲಂಗರು ಎಂಬ ಒಂದು ಶಬ್ದ. ರೊಸಾಲ್ಬಾ ಲಂಗರು ಹಾಕಿ ಮಂಜು ತಿಳಿಯಾಗಲು ಕಾಯುತ್ತಿದೆ ಎಂದುಕೊಂಡು, ಸರಿ ಎಂದು ಹೇಳಿ, ಲಾರಿಯ ವಿಷಯಕ್ಕೆ ಹೋದರು.

ಮಂಜು ಕಂಡು ಬೇಗ ಬಂದಿದ್ದ ನೋಲ್ಫಾ ಬಾಗಿಲಲ್ಲಿ ನಿಂತಿದ್ದರು. “ಅತ್ತಿಗೆ, ರೊಸಾಲ್ಬಾ ಎಂಜಿನ್ ಅಂದ ಹಾಗಿತ್ತು. ಲಂಗರು ಹಿಡೀತಿಲ್ಲ ಅಂದ. ಇನ್ನೊಂದ್ಸಲ ಕೇಳು.”

“ನನ್ನ ಪಾಳಿ ಇನ್ನೂ ಮುಗಿದಿಲ್ಲ,” ಎಂದರು ಎರ್ಮಿಂದಾ.

ಅದನ್ನು ಹೇಳುವಾಗಲೇ ನಾದಿನಿ ಹೇಳಿದ್ದು ನಿಜವಿರಬಹುದೆಂದು ತಮಗೆ ಗೊತ್ತಿತ್ತು ಎಂದು ಅವರು ಒಪ್ಪಿಕೊಳ್ಳುತ್ತಾರೆ. ಮೈಕಿನ ಗುಂಡಿ ಒತ್ತಿ ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ನೋಲ್ಫಾ ಗೆದ್ದಂತಾಗುತ್ತಿತ್ತು. ನೋಲ್ಫಾ ವಾದ ಮಾಡದೆ ಹೊರಟುಹೋದರು. ಹೋದದ್ದು ಕೆಳಗೆ ಎಲಾದಿಯೊ ಬಲೆ ಹೊಲಿಯುವ ಕೊಟ್ಟಿಗೆಗೆ. ಅಲ್ಲೊಂದು ಹಳೆಯ ಕೈ ರೇಡಿಯೊ ಇತ್ತು.

ಸ್ವಲ್ಪ ಹೊತ್ತಿಗೆ ಎರ್ಮಿಂದಾರ ಮುಂದಿದ್ದ ರೇಡಿಯೊದಲ್ಲೇ ನೋಲ್ಫಾರ ದನಿ ಬಂತು. ರೊಸಾರಿಯೊವನ್ನು ಕರೆದು, ನಿನ್ನ ದಕ್ಷಿಣಕ್ಕೆ ರೊಸಾಲ್ಬಾ ಇರಬೇಕು, ಎಂಜಿನ್ ನಿಂತಿರಬೇಕು, ಹುಡುಕು ಎಂದು ಹೇಳುತ್ತಿದ್ದರು. ಎರ್ಮಿಂದಾ ರೊಸಾಲ್ಬಾವನ್ನು ಕೂಗಿದರು. ಉತ್ತರವಿಲ್ಲ. ಮತ್ತೆ ಕೂಗಿದರು. ಆ ದೋಣಿಯ ಬ್ಯಾಟರಿ ಆಗಲೇ ಸತ್ತುಹೋಗಿತ್ತು. ಕಿಟಕಿಯಲ್ಲಿದ್ದ ಇಬ್ಬರು ಹೆಂಗಸರು ಅವರ ಮುಖವನ್ನೇ ನೋಡುತ್ತಿದ್ದರು.

ರೊಸಾರಿಯೊದವರು ಮಂಜಿನಲ್ಲಿ ಕೂಗುತ್ತ, ಕಿವಿಗೊಡುತ್ತ ಹೋಗಿ ನಲವತ್ತು ನಿಮಿಷಕ್ಕೆ ರೊಸಾಲ್ಬಾವನ್ನು ಕಂಡರು. ಅಲೆ ಅದನ್ನು ಬಂಡೆಗಳ ಕಡೆಗೆ ತಳ್ಳುತ್ತಿತ್ತು; ಇನ್ನೊಂದು ಕಾಲು ಗಂಟೆಯಾಗಿದ್ದರೆ ಅದರಲ್ಲಿದ್ದ ಮೂವರಲ್ಲಿ ಯಾರೂ ಉಳಿಯುತ್ತಿರಲಿಲ್ಲವೇನೋ. ಎಳೆದು ತರಲು ಹಗ್ಗ ಬಿಗಿಯುವಾಗ ರೊಸಾಲ್ಬಾದ ಯಜಮಾನ ಅರ್ನೋಲ್ದೊ ಗ್ವೆನೆಲ್‌ನ ಬಲಗೈ ಹಗ್ಗಕ್ಕೂ ದೋಣಿಯ ಅಂಚಿಗೂ ನಡುವೆ ಸಿಕ್ಕಿ ಎರಡು ಬೆರಳು ಮುರಿದವು.

ಭಾನುವಾರ ಸಂಘದ ಸಭೆ ಸೇರಿತು. ರೊಸಾಲ್ಬಾದ ಮಾತು ದಡಕ್ಕೆ ಯಾಕೆ ಮುಟ್ಟಲಿಲ್ಲ ಎಂದು ಅಧ್ಯಕ್ಷರು ಕೇಳಿದರು. ನೋಲ್ಫಾ ಹೆಣಿಗೆಯಿಂದ ತಲೆ ಎತ್ತದೆ, ಮಂಜಿತ್ತು, ದನಿ ಒಡೆಯುತ್ತಿತ್ತು, ಯಾರಿದ್ದರೂ ಕೇಳಿಸುತ್ತಿರಲಿಲ್ಲ ಎಂದರು. ಸಭೆ ಅದನ್ನು ಒಪ್ಪಿತು. ಅಧ್ಯಕ್ಷರು ಮುಂದಿನ ವಿಷಯ ಎತ್ತಿಕೊಳ್ಳುವುದರಲ್ಲಿದ್ದರು.

ಆಗ ಎರ್ಮಿಂದಾ ಎದ್ದು ನಿಂತರು. ದನಿ ಒಡೆಯುತ್ತಿರಲಿಲ್ಲ, ಬಾಗಿಲಲ್ಲಿ ನಿಂತವಳಿಗೆ ಕೇಳಿಸಿತು, ಮೈಕಿನ ಮುಂದೆ ಕೂತ ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳು ಅಂದರೂ ಕೇಳಲಿಲ್ಲ, ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ನೂರು ಜನರ ಮುಂದೆ ಹೇಳಿದರು. ಊರವರು ಇದನ್ನು ದೊಡ್ಡ ಮನಸ್ಸು ಎಂದು ಈಗಲೂ ಹೊಗಳುತ್ತಾರೆ. ನಾನೂ ಹಾಗೇ ಬರೆಯುವುದರಲ್ಲಿದ್ದೆ. ಎರ್ಮಿಂದಾ ಬಿಡಲಿಲ್ಲ.

“ದೊಡ್ಡ ಮನಸ್ಸೂ ಇಲ್ಲ, ಎಂಥದೂ ಇಲ್ಲ. ಅವಳು ನನ್ನನ್ನ ಕಾಪಾಡಿಬಿಟ್ಟಳಲ್ಲ, ಅದನ್ನ ತಡ್ಕೊಳ್ಳೋಕೆ ಆಗಲಿಲ್ಲ. ಕಿವಿಯಲ್ಲೂ ಅವಳೇ ಮುಂದೆ, ಮಾತಲ್ಲೂ ಅವಳೇ ಮುಂದೆ, ಈಗ ಒಳ್ಳೇತನದಲ್ಲೂ ಅವಳೇ ಮುಂದೆ ಅಂದ್ರೆ ನನಗೇನು ಉಳೀತು ಹೇಳು? ಅದಕ್ಕೇ ಎದ್ದು ನಿಂತೆ.”

ಸಂಘ ಅವರನ್ನು ಎರಡು ತಿಂಗಳು ಮೈಕಿನಿಂದ ದೂರವಿಟ್ಟಿತು. ಅರ್ನೋಲ್ದೊನ ಮನೆಗೆ ಎರ್ಮಿಂದಾ ಮಿಲ್ಕಾವೊ ಮಾಡಿಕೊಂಡು ಹೋದಾಗ ಅವನ ಹೆಂಡತಿ ಬಾಗಿಲಲ್ಲೇ ತಟ್ಟೆ ಇಸಿದುಕೊಂಡು ಒಳಗೆ ಕರೆಯಲಿಲ್ಲ. ಮರುವಾರ ತಟ್ಟೆ ತೊಳೆದು ಎರ್ಮಿಂದಾರ ಮನೆಯ ಗೇಟಿನ ಕಂಬದ ಮೇಲಿಟ್ಟು ಹೋಗಿದ್ದಳು.

ಸಭೆಯಾದ ಮೂರನೆಯ ದಿನ, ಬುಧವಾರ, ಆರೋಗ್ಯ ಕೇಂದ್ರಕ್ಕೆ ಡಾಕ್ಟರ್ ಬರುವ ದಿನ. ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ಬರುವ ಡಾಕ್ಟರ್ ಒಯಾರ್ಸುನ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಎರ್ಮಿಂದಾ ಒಳಗೆ ಹೋಗಿ, ನನಗೆ ಅಮ್ಮನ ರೋಗ ಬಂದಿದೆ, ಬೇಗ ಹೇಳಿಬಿಡಿ ಎಂದರಂತೆ. ಡಾಕ್ಟರು ಕಿವಿ ಪರೀಕ್ಷಿಸಿದರು. ಗಡಿಯಾರದ ಚಿತ್ರ ಬರೆಸಿದರು. ಐದು ಶಬ್ದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು. ಇಪ್ಪತ್ಮೂರು ದೋಣಿಗಳ ಬಗ್ಗೆ ಕೇಳಿದರು, ಯಾವುದು ಯಾರದು, ಯಾವ ಬಣ್ಣ, ಯಾರ ಎಂಜಿನ್ ಹೊಸದು ಎಂದು. ಎರ್ಮಿಂದಾ ನಿಧಾನವಾಗಿ ಎಲ್ಲವನ್ನೂ ಹೇಳಿದರು. ಒಂದು ಹೆಸರು ತಡವಾಯಿತು, ಆದರೆ ಬಂತು.

ಡಾಕ್ಟರು ಹೇಳಿದ್ದನ್ನು ಅವರು ಅಕ್ಷರಶಃ ನೆನಪಿಟ್ಟುಕೊಂಡಿದ್ದಾರೆ. “ಇದು ರೋಗ ಅಲ್ಲಮ್ಮ, ವಯಸ್ಸು. ಹರೆಯದಲ್ಲಿ ತಲೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿರ್ತಾನೆ, ಬೇಡದ ಸದ್ದನ್ನೆಲ್ಲ ಹೊರಗೇ ತಡೀತಾನೆ. ವಯಸ್ಸಾದಂತೆ ಅವನು ಸ್ವಲ್ಪ ಮೆತ್ತಗಾಗ್ತಾನೆ. ನಾಯಿ, ಕೆಟಲು, ಕಿಟಕಿಯ ಹೆಂಗಸು, ಎಲ್ಲ ಒಳಗೆ ನುಗ್ಗುತ್ತೆ. ಹೆಸರು ಹುಡುಕೋಕೆ ಹೊತ್ತು ಹಿಡಿಯುತ್ತೆ, ಆದ್ರೆ ಹೆಸರು ಕಳೆದುಹೋಗಿಲ್ಲ. ರೇಡಿಯೊ ಯಾಕಿದೆ ಅನ್ನೋದೇ ಮರೆತ ದಿನ ನನ್ನ ಹತ್ರ ಬನ್ನಿ.” ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಸದ್ದು ಕಡಿಮೆ ಮಾಡಿ, ಮುಖ ನೋಡಿ ಮಾತಾಡಿ, ಅವಸರ ಪಡಬೇಡಿ, ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನಿ ಎಂದರು.

ಎರ್ಮಿಂದಾಗೆ ಸಮಾಧಾನವಾಯಿತು. ಎದ್ದು ಬಾಗಿಲವರೆಗೂ ಹೋದವರು ತಿರುಗಿ ಬಂದು, ಹಾಗಾದರೆ ನನಗಿಂತ ಎರಡು ವರ್ಷ ದೊಡ್ಡವಳಾದ ನೋಲ್ಫಾಳ ಕಾವಲುಗಾರ ಯಾಕೆ ಮೆತ್ತಗಾಗಿಲ್ಲ ಎಂದು ಕೇಳಿದರು. ಎಲ್ಲರಿಗೂ ಒಂದೇ ಥರ ಬರುವುದಿಲ್ಲ, ಕೆಲವರಿಗೆ ಬೇಗ, ಕೆಲವರಿಗೆ ತಡ, ಕೂದಲು ನೆರೆಯುವ ಹಾಗೆ ಎಂದರು ಡಾಕ್ಟರು. ನೋಲ್ಫಾರ ಕೂದಲು ಇನ್ನೂ ಅರ್ಧಕ್ಕರ್ಧ ಕಪ್ಪು. ಆ ಹೋಲಿಕೆಯನ್ನಾದರೂ ಡಾಕ್ಟರು ಬಿಡಬಹುದಿತ್ತು ಎನ್ನುತ್ತಾರೆ ಎರ್ಮಿಂದಾ.

ಆ ಎರಡು ತಿಂಗಳು ಅವರು ಮನೆಯಲ್ಲಿ ಎಲಾದಿಯೊನ ಕೈ ರೇಡಿಯೊ ಹಚ್ಚಿಕೊಂಡು ಬೆಳಗಿನಿಂದ ಸಂಜೆವರೆಗೂ ನೋಲ್ಫಾರನ್ನು ಕೇಳಿದರು. ತಪ್ಪು ಹಿಡಿಯಲೆಂದೇ ಕೂತಿದ್ದು. ತಪ್ಪು ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಖಾಲಿ ಮನೆಯಲ್ಲಿ, ಕೈಯಲ್ಲಿ ಕೆಲಸವಿಲ್ಲದೆ, ಒಂದು ಸಲಕ್ಕೆ ಒಂದೇ ದನಿ ಬಂದಾಗ ತಮಗೆ ಎಲ್ಲವೂ ಕೇಳುತ್ತದೆ. ಯಾರ ಗಂಟಲು ಕಟ್ಟಿದೆ, ಯಾರು ಚೆನ್ನಾಗಿದ್ದೇನೆಂದು ಸುಳ್ಳು ಹೇಳುತ್ತಿದ್ದಾರೆ, ಎಲ್ಲ ಹಿಂದಿನಂತೆಯೇ. ಇಬ್ಬರು ಒಟ್ಟಿಗೆ ಬಂದರೆ ಮಾತ್ರ ಎಲ್ಲ ಕಲಸಿಹೋಗುತ್ತದೆ. ಅಂದರೆ ಹೋದದ್ದು ಕಿವಿಯಲ್ಲ. ಒಟ್ಟಿಗೆ ಬಂದದ್ದನ್ನು ಬಿಡಿಸುವ ಕೈಚಳಕ. ಅದನ್ನು ತಲೆ ಬಿಡಿಸದಿದ್ದರೆ, ಒಬ್ಬೊಬ್ಬರೇ ಮಾತಾಡಿ ಎಂದು ಹೇಳಿ ಬಾಯಿ ಬಿಡಿಸಲಿ ಎಂದುಕೊಂಡರು.

ಮೇ ತಿಂಗಳ ಸಭೆಯಲ್ಲಿ ಅವರು ತಮ್ಮ ಷರತ್ತುಗಳನ್ನು ಇಟ್ಟರು. ಬೆಳಗಿನ ಪಾಳಿಯಲ್ಲಿ ಬಾಗಿಲು, ಕಿಟಕಿ ಮುಚ್ಚಿರಬೇಕು. ದೋಣಿಯ ಹೆಸರು ಎರಡು ಸಲ. ದಡದಿಂದ ಹೂಂ ಬರುವವರೆಗೆ ಮಾತಿಲ್ಲ. ಹೇಳಿದ್ದನ್ನು ತಾವು ತಿರುಗಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದಬೇಕು. ಗಂಡಸರು ನಕ್ಕರು, ಶಾಲೆಗೆ ಹೋಗೋ ವಯಸ್ಸು ನಮಗೆ ಮುಗೀತಲ್ಲ ಎಂದು ಒಬ್ಬ ಚುಚ್ಚಿದ. ಮುಂದಿನ ಸಾಲಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅರ್ನೋಲ್ದೊ ಆಗ ಆರೋಗ್ಯವಾಗಿದ್ದ ಎಡಗೈ ಎತ್ತಿದ.

“ಎಂಜಿನ್ ನಿಂತಾಗ ನಾನು ಒಂದೇ ಸಲ ಹೆಸರು ಹೇಳಿ ಗಡಬಡ ಮಾತಾಡಿದ್ದೆ,” ಎಂದ. “ಎರಡು ಸಲ ಹೇಳಿದ್ರೆ ನಾಲಿಗೆ ಸವೆಯೋದಿಲ್ಲ. ಆಕೆ ಕೂತ್ಕೊಳ್ಳಲಿ.”

ಬೆರಳು ಮುರಿದವನೇ ಹಾಗಂದ ಮೇಲೆ ಸಭೆ ಒಪ್ಪಿತು. ಎರ್ಮಿಂದಾ ಮರುದಿನ ನಾಲ್ಕೂವರೆಗೆ ಕುರ್ಚಿಗೆ ಮರಳಿದರು. ಅಂದಿನಿಂದ ಈ ಅಕ್ಟೋಬರಿನವರೆಗೆ ಬೆಳಗಿನ ಪಾಳಿಯಲ್ಲಿ ದಿನಕ್ಕೆ ಮೂರು ಸಲ ಹೆಸರು ಕರೆದಿದ್ದಾರೆ, ಎರಡು ಸಲ ಗಾಳಿಯ ಸುದ್ದಿ ಓದಿದ್ದಾರೆ. ಕೇಳಿಸದಾಗ ಕೇಳಿಸಲಿಲ್ಲ ಎಂದಿದ್ದಾರೆ. ಮೊದಮೊದಲು ಆ ಒಂದು ಶಬ್ದ ಹೇಳುವುದು ಕಷ್ಟವಾಗುತ್ತಿತ್ತಂತೆ. ಈಗ ಅಭ್ಯಾಸವಾಗಿದೆ.

ಮನೆಯಲ್ಲೂ ಒಂದು ಏರ್ಪಾಟು ಮಾಡಿಕೊಂಡಿದ್ದಾರೆ. ಭಾನುವಾರದ ಮೇಜಿನಲ್ಲಿ ಗೆಲ್ಲುವ ಆಸೆ ಬಿಟ್ಟು, ಪಾಳಿ ಮುಗಿದ ಮೇಲೆ ಎಲಾದಿಯೊನ ಬಲೆಯ ಕೊಟ್ಟಿಗೆಗೆ ಹೋಗಿ ಎದುರಿಗೆ ಕೂರುತ್ತಾರೆ. ಇಬ್ಬರೇ, ನಡುವೆ ಮಾಟೆ ಎಂಬ ಎಲೆಚಹಾದ ಒಂದು ಬಟ್ಟಲು. ಎಪ್ಪತ್ನಾಲ್ಕರ ಎಲಾದಿಯೊಗೆ ಕಿವಿಯೇ ಮಂದ. ಹಾಗಾಗಿ ಇಬ್ಬರಿಗೂ ನಿಧಾನವೇ ಹಿತ. ಅವರನ್ನು ಕೇಳಿದೆ. ನಲವತ್ತು ವರ್ಷ ಇವಳು ನನ್ನ ಮಾತಿಗೆ ಬೆನ್ನು ಹಾಕಿ ಏನೋ ಮಾಡುತ್ತ ಹೂಂ ಎನ್ನುತ್ತಿದ್ದಳು, ಈಗ ಕೈ ಖಾಲಿ ಮಾಡಿಕೊಂಡು ಕೂರುತ್ತಾಳೆ, ಏನು ಹೇಳುವುದೆಂದು ನನಗೇ ಗಾಬರಿಯಾಗುತ್ತದೆ ಎಂದು ನಕ್ಕರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ನೋಲ್ಫಾ ಬರುತ್ತಾರೆ. ಬಾಗಿಲು, ಕಿಟಕಿ ಎರಡನ್ನೂ ಅಗಲಕ್ಕೆ ತೆರೆಯುತ್ತಾರೆ, ಕೆಟಲನ್ನು ಒಲೆಗಿಡುತ್ತಾರೆ, ಹೆಣಿಗೆ ತೆಗೆಯುತ್ತಾರೆ. ಹೊಸ ನಿಯಮ ಅವರ ಪಾಳಿಗೆ ಬೇಕಿಲ್ಲ. ಎರ್ಮಿಂದಾ ಹಲಗೆಯ ಮುಂದೆ ನಿಂತು ಒಂದೊಂದೇ ಸುದ್ದಿ ಒಪ್ಪಿಸುತ್ತಾರೆ, ಈಗ ಯಾವುದನ್ನೂ ಬಿಡದೆ. ಅಷ್ಟರಲ್ಲಿ ಕಿಟಕಿಗೆ ಯಾರೋ ಬರುತ್ತಾರೆ, ಎರಡು ದೋಣಿ ಒಟ್ಟಿಗೆ ಕರೆಯುತ್ತವೆ. ನೋಲ್ಫಾ ಮೂವರಿಗೂ ಉತ್ತರ ಕೊಟ್ಟು, ಹೂಂ ಅತ್ತಿಗೆ, ಆಮೇಲೆ ಎನ್ನುತ್ತಾರೆ, ಹೆಣಿಗೆಯ ಒಂದು ಕುಣಿಕೆಯೂ ತಪ್ಪದೆ. ಎರ್ಮಿಂದಾರ ದವಡೆ ಬಿಗಿಯುವುದನ್ನು ನಾನು ನೋಡುತ್ತೇನೆ.

ನನಗೂ ಐವತ್ತೇಳು. ಎರಡು ದಿನದಿಂದ ಈ ಊರಿನ ದೋಣಿಗಳ ಹೆಸರನ್ನು ಮೂರು ಸಲ ಕೇಳಿ ಬರೆದುಕೊಂಡವಳು ನಾನು. ನೋಲ್ಫಾರ ಕೈ, ಕಿವಿ, ಬಾಯಿ ಒಟ್ಟಿಗೆ ಓಡುವುದನ್ನು ನೋಡುತ್ತ ನನಗೂ ಹೊಟ್ಟೆಕಿಚ್ಚಾಯಿತು ಎಂದು ಇಲ್ಲಿ ಬರೆಯದಿದ್ದರೆ ಎರ್ಮಿಂದಾಗೆ ಅನ್ಯಾಯ ಮಾಡಿದಂತೆ.

ಎರ್ಮಿಂದಾ ಸೌದೆ ತರಲು ಹೊರಗೆ ಹೋದಾಗ ನೋಲ್ಫಾರನ್ನು ಕೇಳುತ್ತೇನೆ: ಅತ್ತಿಗೆಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚೆಂದು ಸಭೆಯಲ್ಲೇ ಹೇಳಿದರಲ್ಲ, ಬೇಸರವಾಗಲಿಲ್ಲವೇ?

ನೋಲ್ಫಾ ಮೊದಲ ಸಲ ಹೆಣಿಗೆ ನಿಲ್ಲಿಸುತ್ತಾರೆ. “ಬೇಸರ ಯಾಕೆ ಮಾರಾಯ್ತಿ? ಎಪ್ಪತ್ತೊಂದು ವರ್ಷ ನನಗೆ. ಈ ವಯಸ್ಸಲ್ಲಿ ನನ್ನ ನೋಡಿ ಹೊಟ್ಟೆ ಉರ್ಕೊಳ್ಳೋರು ಇನ್ಯಾರಿದ್ದಾರೆ? ಅವಳೊಬ್ಬಳೇ. ಅವಳು ಚೆನ್ನಾಗಿರಲಿ.”

ಎರ್ಮಿಂದಾ ಬುಟ್ಟಿಯಲ್ಲಿದ್ದ ಮೂರು ಮೀನುಗಳನ್ನು ಹಿಡಿದು ಮನೆಯ ಏರು ಹತ್ತುತ್ತಾರೆ. ಜೊತೆಯಲ್ಲಿ ನಡೆಯುತ್ತ, ಇನ್ನು ಮುಂದೆ ನಿಮ್ಮ ಆಸೆ ಏನು ಎಂದು ಪತ್ರಿಕೆಯವರೆಲ್ಲ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ಈಗ ಅವರು ಯಾವುದಕ್ಕೂ ತಕ್ಷಣ ಉತ್ತರಿಸುವುದಿಲ್ಲ. ಏರಿನ ಅರ್ಧದಲ್ಲಿ ನಿಂತು, ಮುಖ ನನ್ನ ಕಡೆ ತಿರುಗಿಸಿ ಹೇಳುತ್ತಾರೆ:

“ದೊಡ್ಡದೇನೂ ಬೇಡ. ಒಂದು ದಿನ, ಒಂದೇ ಒಂದು ದಿನ, ನೋಲ್ಫಾಗೆ ಒಂದು ದೋಣಿ ಹೆಸರು ಮರೀಬೇಕು. ಗಾಳಿ ಇಲ್ಲದ ದಿನ, ಯಾರಿಗೂ ತೊಂದರೆ ಆಗದ ಹಾಗೆ. ಬಾಯಿ ತೆರೆದು ನನ್ನ ಕಡೆ ನೋಡ್ಬೇಕು. ಆಗ ಆ ಹೆಸರನ್ನ ನಾನು ಹೇಳಿಕೊಡ್ತೀನಿ. ಎರಡು ಸಲ ಹೇಳ್ತೀನಿ.”